ಪ್ರಶ್ನೆಗಿಂತ ಮೊದಲೇ ಬರಬೇಕಾದ ಉತ್ತರ

ಏಪ್ರಿಲ್ ಬಂತೆಂದರೆ ಬಳ್ಳಾರಿಯ ತಾರಸಿಗಳ ಮೇಲೆ ಟೊಮೆಟೊ ಗಿಡ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ತೊಟ್ಟಿನ ಗಂಟು ಹಳದಿಯಾಗಿ, ಬೆರಳು ತಾಗಿದರೆ ಸಾಕು ಹೂ ಕಳಚಿ ಬೀಳುತ್ತದೆ. ಇದು ರೋಗವಲ್ಲ. ಹಗಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊದ ಪರಾಗ ಶಕ್ತಿ ಕಳೆದುಕೊಳ್ಳುತ್ತದೆ. ಫಲ ಕಟ್ಟದ ಹೂವನ್ನು ಗಿಡವೇ ಉದುರಿಸುತ್ತದೆ. ಕಾರಣ ಗೊತ್ತಿಲ್ಲದೆ ಜನ ಫೋನ್ ತೆಗೆದು ಹುಡುಕುತ್ತಾರೆ. ಹಲವು ಸಲ ಸಿಗುವುದು ಮಾರ್ಚ್‌–ಏಪ್ರಿಲ್‌ನಲ್ಲಿ ಬೀಜ ಹಾಕಿ ಎನ್ನುವ ವಸಂತದ ಸಲಹೆ. ಹಿಮ ಕರಗುವ ನಾಡಿಗೆ ಅದು ಸರಿ. ಬಳ್ಳಾರಿಯಲ್ಲಿ ಹಾಗೆ ಮಾಡಿದರೆ ಬೀಜವೂ ದಂಡ, ನೀರೂ ದಂಡ.

ಗಿಡಮರ, ಕೈತೋಟದ ಮಾಹಿತಿಯನ್ನು ಕಾಲಕ್ಕೆ ತಕ್ಕಂತೆ ಸಿದ್ಧಪಡಿಸುವವರು ಈಗ ಮೊದಲು ನೋಡುವುದು ಗೂಗಲ್ ಟ್ರೆಂಡ್ಸ್. 2004ರಿಂದ ಈಚಿನ ಹುಡುಕಾಟಗಳ ಏರಿಳಿತ ಅಲ್ಲಿ ಕಾಣುತ್ತದೆ. ಆದರೆ ಎಷ್ಟು ಜನ ಹುಡುಕಿದರು ಎಂಬ ಲೆಕ್ಕವನ್ನು ಅದು ಕೊಡುವುದಿಲ್ಲ. ಒಂದು ಊರಿನ ಒಟ್ಟು ಹುಡುಕಾಟದಲ್ಲಿ ಆ ಪದದ ಪಾಲು ಎಷ್ಟು ಎಂದು ಅಳೆದು, ಅತಿ ಎತ್ತರದ ಬಿಂದುವನ್ನು 100 ಎಂದಿಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ತೋರಿಸುತ್ತದೆ. ಕೇಳಿದವರು ತೀರಾ ಕಡಿಮೆಯಿದ್ದರೆ ಸೊನ್ನೆ. ಕುರುಗೋಡಿನ ಬೆರಳೆಣಿಕೆಯ ಮಂದಿ ಅಂಜೂರದ ಸಸಿಯ ಬಗ್ಗೆ ಕೇಳಿದ್ದರೆ ಆ ಗೆರೆಯಲ್ಲಿ ಅವರು ಇರುವುದೇ ಇಲ್ಲ. ಇಡೀ ಕರ್ನಾಟಕವನ್ನು ಆರಿಸಿಕೊಂಡರೆ ಕೇಳುವುದು ಹೆಚ್ಚಾಗಿ ಬೆಂಗಳೂರಿನ ದನಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಬಳ್ಳಾರಿ ಇರುವುದು ಸುಮಾರು ಅದರ ಅರ್ಧ ಎತ್ತರದಲ್ಲಿ. ಮಳೆಯೂ ಹೆಚ್ಚುಕಡಿಮೆ ಅರ್ಧವೇ. ಅಲ್ಲಿನ ಗೆರೆ ನೋಡಿ ಇಲ್ಲಿಗೆ ಬರೆದರೆ ತಪ್ಪುವುದು ಖಚಿತ.

ಹಾಗಾದರೆ ಇಲ್ಲಿನ ಕಾಲವನ್ನು ಎಲ್ಲಿ ನೋಡಬೇಕು? ನಮ್ಮ ರೈತರ ಬಳಿ ಒಂದು ಪಂಚಾಂಗ ಮೊದಲಿನಿಂದಲೂ ಇದೆ: ಮಳೆ ನಕ್ಷತ್ರಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13–14 ದಿನ ಇರುತ್ತಾನೆ. ಜೂನ್ ಮೊದಲ ವಾರ ಕಳೆಯುವಾಗ ಮೃಗಶಿರ, ಸೆಪ್ಟೆಂಬರ್ ನಡುವೆ ಉತ್ತರೆ, ಆಮೇಲೆ ಹಸ್ತ, ಚಿತ್ತೆ. ಬಳ್ಳಾರಿ ಸೀಮೆಗೆ ಹೆಚ್ಚು ಮಳೆ ತರುವುದು ಈ ಕೊನೆಯ ಮೂರು. ಆ ತೇವವನ್ನು ಹಿಡಿದಿಟ್ಟುಕೊಂಡ ಎರೆ ಭೂಮಿಯಲ್ಲೇ ಹಿಂಗಾರಿ ಜೋಳ, ಕಡಲೆ ಬೆಳೆಯುತ್ತವೆ. ಹಾಗೆಂದು ಈ ಲೆಕ್ಕ ಶಾಶ್ವತವಾದದ್ದೂ ಅಲ್ಲ. ಭೂಮಿಯ ಅಕ್ಷ ಬಲು ನಿಧಾನವಾಗಿ ದಿಕ್ಕು ಬದಲಿಸುತ್ತಿರುವುದರಿಂದ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹೆಚ್ಚುಕಡಿಮೆ 72 ವರ್ಷಕ್ಕೆ ಒಂದು ದಿನ ಜಾರುತ್ತದೆ. ಸಾವಿರ ವರ್ಷಕ್ಕೆ 14 ದಿನ, ಅಂದರೆ ಒಂದಿಡೀ ಮಳೆ. ಆದರೂ ತಿಂಗಳ ಹೆಸರಿಗಿಂತ ಮಳೆಯ ಹೆಸರು ಹಿಡಿದು ಕೊಟ್ಟ ಮಾಹಿತಿ ಇಲ್ಲಿನವರಿಗೆ ಬೇಗ ದಕ್ಕುತ್ತದೆ.

ಸಿರುಗುಪ್ಪದ ಮಾತು ಬೇರೆ. ಅಲ್ಲಿ ಋತುವನ್ನು ಶುರು ಮಾಡುವುದು ತುಂಗಭದ್ರಾ ಕಾಲುವೆ. ನೀರಾವರಿ ಸಲಹಾ ಸಮಿತಿ ಕಾಲುವೆಗೆ ನೀರು ಬಿಡುವ ದಿನ ಗೊತ್ತುಮಾಡಿದ ಮೇಲೆ ಭತ್ತದ ಸಸಿ ಮಡಿ, ನಾಟಿಯ ಲೆಕ್ಕಾಚಾರಗಳು ಒಂದರ ಹಿಂದೆ ಒಂದು ಏಳುತ್ತವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಯಾವ ವರ್ಷದ ಅಂಕಿಅಂಶವೂ ಇಂಥದ್ದನ್ನು ಮೊದಲೇ ಹೇಳುವುದಿಲ್ಲ. ಹಿಂದಿನ ವರ್ಷಗಳ ಗೆರೆ ನೋಡಿಕೊಂಡು ಆ ವಾರ ನಾಟಿಯ ಅಂತರ, ಗೊಬ್ಬರದ ಪ್ರಮಾಣ ವಿವರಿಸುತ್ತ ಕೂತಿದ್ದರೆ, ಕೊನೆತನಕ ನೀರು ಸಿಗುತ್ತದೋ ಇಲ್ಲವೋ ಎಂಬ ಆತಂಕದಲ್ಲಿದ್ದ ರೈತನಿಗೆ ಅದರಿಂದ ಏನು ಪ್ರಯೋಜನ?

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಇಲ್ಲಿನ ಮಾಹಿತಿಯನ್ನು ದಿನಾಂಕಕ್ಕಿಂತ ಕುರುಹಿಗೆ ಕಟ್ಟಬೇಕು: ಬೇವು ಹೂ ಬಿಟ್ಟಾಗ, ಕಾಲುವೆಗೆ ನೀರು ಬಂದಾಗ, ಉತ್ತರೆ ಮಳೆ ಹಿಡಿದಾಗ. ಸೀಸನ್‌ವಾಚ್ ಎಂಬ ಜನವಿಜ್ಞಾನ ಯೋಜನೆಯಲ್ಲಿ ದೇಶದ ನಾನಾ ಕಡೆಯ ಶಾಲಾ ಮಕ್ಕಳು, ಆಸಕ್ತರು ತಮ್ಮ ಸುತ್ತಲಿನ ಮರದ ಚಿಗುರು, ಹೂ, ಕಾಯಿಗಳನ್ನು ವಾರವಾರ ಗುರುತು ಹಾಕುತ್ತಾರೆ. ಬಳ್ಳಾರಿಯ ಶಾಲೆಗಳು ಅಂಗಳದ ಬೇವು, ಹೊಂಗೆಗಳನ್ನು ಹೀಗೆ ಗಮನಿಸಿದರೆ ಟ್ರೆಂಡ್ಸ್ ಕೊಡಲಾಗದ ಲೆಕ್ಕ ನಮ್ಮ ಕೈಯಲ್ಲೇ ಇರುತ್ತದೆ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಹುಡುಕಾಟದ ಯಂತ್ರ ಹೊಸ ಬರಹವನ್ನು ಕಂಡು, ಪಟ್ಟಿಗೆ ಸೇರಿಸಿ, ಮೇಲೆ ತರಲು ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಹಾಗಾಗಿ ಸ್ವಲ್ಪ ಮೊದಲೇ ಬರೆಯಿರಿ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಗಿಡದ ವಿಷಯದಲ್ಲಿ ವಾರಗಳು ಸಾಲವು. ಮೆಣಸಿನಕಾಯಿಯನ್ನೇ ನೋಡಿ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದ್ದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದ್ದರೆ ಮೈಟ್ ನುಸಿ. ಎಲೆ ಮುದುಡುವ ಈ ಮುಟುರು ರೋಗದ ಪ್ರಶ್ನೆ ಬರುವುದು ಗಿಡ ಬೆಳೆದು ನಿಂತ ಅಕ್ಟೋಬರ್ ಹೊತ್ತಿಗೆ. ಅದಕ್ಕೆ ಕೈಗೆಟಕುವ ಒಂದು ಉಪಾಯ ಬೇವಿನ ಬೀಜದ ಕಷಾಯ. ಬೇವಿನ ಹಣ್ಣು ಉದುರುವುದು ಮಾತ್ರ ಜೂನ್–ಜುಲೈಯಲ್ಲಿ. ಅಕ್ಟೋಬರಿನಲ್ಲಿ ಕೇಳಿದವರಿಗೆ ಮರದ ಕೆಳಗೆ ಏನೂ ಸಿಗುವುದಿಲ್ಲ.

ಆದ್ದರಿಂದ ಮೆಣಸಿನ ಬರಹದ ಮೊದಲ ಕಂತು ಮೃಗಶಿರ ಮಳೆಗೇ ಬರಬೇಕು, ಆಗ ಯಾರೂ ಅದನ್ನು ಹುಡುಕದಿದ್ದರೂ: ಬಿದ್ದ ಹಣ್ಣು ಆರಿಸಿ, ತಿರುಳು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿಡಿ. ಮೂರರಿಂದ ಎಂಟು ತಿಂಗಳ ಒಳಗಿನ ಬೀಜ ಕಷಾಯಕ್ಕೆ ಉತ್ತಮ. ಹಳೆಯದಾದಂತೆ ಅದರಲ್ಲಿನ ಕೀಟ ತಡೆಯುವ ಅಂಶ ಅಜಾಡಿರಾಕ್ಟಿನ್ ಕುಗ್ಗುತ್ತದೆ. ಸಿಪ್ಪೆ ತೆಗೆದು ಪುಡಿ ಮಾಡಿದ 50 ಗ್ರಾಂ ಬೀಜ ಒಂದು ಲೀಟರ್ ನೀರಿಗೆ, ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕದಡಿ, ಬಿಸಿಲು ಇಳಿದ ಮೇಲೆ ಎಲೆಯ ಕೆಳಭಾಗಕ್ಕೂ ತಾಗುವಂತೆ ಸಿಂಪಡಿಸಬೇಕು.