ಒಂದು ಲೀಟರ್ ಕಿಣ್ವ, ಯುರೇನಸ್‌ವರೆಗೆ ಸಾಲು

ಟ್ರೈಕೊಡರ್ಮಾ ರೀಸಿ ಎಂಬ ಹಸಿರು ಬೂಷ್ಟಿನ 250 ಬೀಜಕಗಳನ್ನು ಒತ್ತೊತ್ತಾಗಿ ಸಾಲಾಗಿಟ್ಟರೆ ಉದ್ದ ಒಂದೇ ಮಿಲಿಮೀಟರ್! ಇಷ್ಟು ಚಿಕ್ಕ ಜೀವಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನೆಗೇ ತಲೆನೋವಾಯಿತು. ಸಾಲೊಮನ್ ದ್ವೀಪಗಳ ಮಳೆಯಲ್ಲಿ ಸೈನಿಕರ ಹತ್ತಿಬಟ್ಟೆಯ ಡೇರೆಗಳು ಕೊಳೆತು ಹರಿಯತೊಡಗಿದವು. ಅಂಥದೊಂದು ಡೇರೆಯಿಂದ ಬೇರ್ಪಡಿಸಿದ ತಳಿಯೇ ಕ್ಯೂಎಂ-6ಎ. ಮ್ಯಾಸಚೂಸೆಟ್ಸ್‌ನ ನೇಟಿಕ್ ಪ್ರಯೋಗಾಲಯದಲ್ಲಿ ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಅದರ ಬೆನ್ನು ಹತ್ತಿದರು. ನಾರನ್ನು ಸಕ್ಕರೆಯಾಗಿ ಒಡೆಯುವ ಸೆಲ್ಯುಲೇಸ್ ಎಂಬ ಕಿಣ್ವವನ್ನು ಅದು ಹೊರಗೆ ಸುರಿಯುತ್ತಿತ್ತು. 1977ರಲ್ಲಿ ಬೂಷ್ಟಿಗೆ ರೀಸ್ ಅವರ ಹೆಸರೇ ಅಂಟಿತು. ಇಂದು ಜಗತ್ತಿನ ಕಾರ್ಖಾನೆಗಳಲ್ಲಿ ದುಡಿಯುವ ರೀಸಿ ತಳಿಗಳೆಲ್ಲ ಆ ಒಂದೇ ತಳಿಯ ಸಂತಾನ.

2008ರಲ್ಲಿ ಇದರ ಜೀನೋಮ್, ಅಂದರೆ ಡಿಎನ್ಎಯ ಪೂರ್ಣ ಬರಹ, ಪ್ರಕಟವಾಯಿತು. ಸುಮಾರು 3.4 ಕೋಟಿ ಅಕ್ಷರ, 9,129 ಜೀನ್. ಸೆಕೆಂಡಿಗೆ ಒಂದಕ್ಷರದಂತೆ ಊಟ, ನಿದ್ದೆ ಬಿಟ್ಟು ಓದಿದರೂ ಮುಗಿಸಲು 13 ತಿಂಗಳು ಬೇಕು. ಅದೇ ವೇಗದಲ್ಲಿ ಮನುಷ್ಯನ ಜೀನೋಮ್ ಓದಲು ಸುಮಾರು 100 ವರ್ಷ! ಇನ್ನೂ ಸೋಜಿಗವೆಂದರೆ, ಆಗ ಜೀನೋಮ್ ಓದಲಾಗಿದ್ದ, ಗಿಡದ ನಾರು ಕರಗಿಸುವ ಶಿಲೀಂಧ್ರಗಳಲ್ಲೆಲ್ಲ ಸೆಲ್ಯುಲೇಸ್ ಜೀನ್‌ಗಳು ತೀರಾ ಕಡಿಮೆ ಇದ್ದದ್ದು ಇದರಲ್ಲೇ. ಆಯುಧ ಕಡಿಮೆ, ಹೊಡೆತ ಮಾತ್ರ ಭಾರಿ.

ಆ ಹೊಡೆತವನ್ನು ಹೆಚ್ಚಿಸಿದವರು ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಬ್ಲಾಂಡ್ ಮಾಂಟೆನೆಕೋರ್ಟ್ ಮತ್ತು ಡಗ್ಲಾಸ್ ಎವಲೀ. 1970ರ ದಶಕದಲ್ಲಿ ನೇರಳಾತೀತ ಕಿರಣ, ರಾಸಾಯನಿಕ, ಮತ್ತೆ ಕಿರಣ ಎಂದು ಮೂರು ಸುತ್ತಿನ ಹಿಂಸೆಯ ನಂತರ ಹುಟ್ಟಿದ್ದು ರಟ್-ಸಿ30 ತಳಿ. ಅದರ ಜೀನೋಮ್‌ನಲ್ಲಿ ಒಂದೇ ಕಡೆ 85,000 ಅಕ್ಷರ, ಅಂದರೆ ಒಂದು ಹಗಲು ಒಂದು ರಾತ್ರಿಯ ಓದು, ಮಾಯವಾಗಿತ್ತು. ಅದರೊಳಗಿದ್ದ 29 ಜೀನ್ ಕೂಡ ಹೋದವು. ಇಷ್ಟಾದರೂ ಕಿಣ್ವದ ಇಳುವರಿ ಮೂಲ ತಳಿಯ 15ರಿಂದ 20 ಪಟ್ಟು!

ಇಂದಿನ ಕಾರ್ಖಾನೆ ತಳಿಗಳು ಒಂದು ಲೀಟರ್ ದ್ರವಕ್ಕೆ 100 ಗ್ರಾಂಗೂ ಹೆಚ್ಚು ಪ್ರೋಟೀನ್ ಕಕ್ಕುತ್ತವೆ. ಒಂದು ಲೀಟರ್ ಹಸುವಿನ ಹಾಲಿನಲ್ಲಿರುವುದು 33 ಗ್ರಾಂ ಆಸುಪಾಸು. ಇದು ಅದರ ಮೂರು ಪಟ್ಟು. ಒಂದು ಲಕ್ಷ ಲೀಟರಿನ ಟ್ಯಾಂಕ್ ತುಂಬಿದರೆ 10 ಟನ್ ಪ್ರೋಟೀನ್, ಎರಡು ಭಾರಿ ಸಲಗಗಳ ತೂಕ.

ಈ ಪ್ರೋಟೀನಿನಲ್ಲಿ ಸುಮಾರು ಶೇ. 60 ಪಾಲು ಸೆಲ್7ಎ ಎಂಬ ಒಂದೇ ಕಿಣ್ವದ್ದು. 2011ರಲ್ಲಿ ಜಪಾನಿನ ವಿಜ್ಞಾನಿಗಳು ಅದು ನಾರಿನ ಮೇಲೆ ಓಡುವುದನ್ನೇ ಚಿತ್ರೀಕರಿಸಿದರು. ವೇಗ ಸೆಕೆಂಡಿಗೆ ಸುಮಾರು 7 ನ್ಯಾನೊಮೀಟರ್. ದಿನವಿಡೀ ಬಿಡದೆ ಓಡಿದರೂ ಮುಕ್ಕಾಲು ಮಿಲಿಮೀಟರ್ ದಾಟದು. ಆದರೆ ಒಂದೊಂದು ನ್ಯಾನೊಮೀಟರಿಗೂ ಒಂದು ಕತ್ತರಿ! ಹಾಗೆ ಓಡುತ್ತಲೇ ಇದ್ದರೆ ಒಂದೇ ಅಣು ದಿನಕ್ಕೆ 6 ಲಕ್ಷ ಸಲ ಕತ್ತರಿಸುತ್ತದೆ.

ಒಂದು ಲೀಟರಿನಲ್ಲಿ ಇಂಥ ಅಣುಗಳೆಷ್ಟು? ಲೆಕ್ಕ ಹಾಕಿದರೆ 6ರ ಮುಂದೆ 20 ಸೊನ್ನೆ. ಭೂಮಿಯ 800 ಕೋಟಿ ಜನರಿಗೆ ಹಂಚಿದರೆ ತಲೆಗೆ 7,500 ಕೋಟಿ. ಅಣುವಿನ ಉದ್ದ ಬರೀ 5 ನ್ಯಾನೊಮೀಟರ್ ಎಂದು ಹಿಡಿದು ಸಾಲು ನಿಲ್ಲಿಸಿ. 300 ಕೋಟಿ ಕಿಲೋಮೀಟರ್! ಭೂಮಿಗೆ 75,000 ಸುತ್ತು. ಅಥವಾ ಸೂರ್ಯನಿಂದ ಹೊರಟು ಯುರೇನಸ್ ದಾಟುವಷ್ಟು. ಬೆಳಕಿಗೇ ಈ ಸಾಲಿನ ತುದಿ ಮುಟ್ಟಲು ಎರಡು ಮುಕ್ಕಾಲು ಗಂಟೆ ಬೇಕು.

ಇನ್ನು ಆ ಲಕ್ಷ ಲೀಟರಿನ ಟ್ಯಾಂಕ್? ಅದರ ಸಾಲು ಸುಮಾರು 32 ಜ್ಯೋತಿರ್ವರ್ಷ. ಅಭಿಜಿತ್ ನಕ್ಷತ್ರ 25 ಜ್ಯೋತಿರ್ವರ್ಷ ದೂರದಲ್ಲಿದೆ. ಅದನ್ನೂ ಹಿಂದೆ ಹಾಕಿತು!

ಇಂಥ ಕಿಣ್ವಗಳು ಜೀನ್ಸ್ ಬಟ್ಟೆ ಮಾಸಿಸುವುದಕ್ಕೂ, ಕಾಗದಕ್ಕೂ, ಪಶು ಆಹಾರಕ್ಕೂ ಬೇಕು. ನಮ್ಮ ಅಡಿಕೆ, ಕಾಳುಮೆಣಸು ಬೆಳೆಗಾರರು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವ ಟ್ರೈಕೊಡರ್ಮಾ ಪುಡಿಯೂ ಇದೇ ಕುಲದ ಬೇರೆ ಜಾತಿ. ನಿಯಮದಂತೆ ಅದರ ಪ್ರತಿ ಗ್ರಾಂನಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕು. ಒಂದು ಕಿಲೋ ಪೊಟ್ಟಣದಲ್ಲಿ 200 ಕೋಟಿ, ಇಡೀ ಭಾರತದ ಜನಸಂಖ್ಯೆಗಿಂತ ಹೆಚ್ಚು. ಅವು ಜೀವಂತ ಉಳಿಯಬೇಕಲ್ಲ, ಆದ್ದರಿಂದ ರೈತ ಬಾಂಧವರೇ, ಪೊಟ್ಟಣದ ಅವಧಿ ನೋಡಿ ಕೊಳ್ಳಿ, ರಾಸಾಯನಿಕ ಶಿಲೀಂಧ್ರನಾಶಕದ ಜೊತೆ ಬೆರೆಸಬೇಡಿ, ಬಿಸಿಲಿಗಂತೂ ಇಡಲೇಬೇಡಿ.