ಪ್ರಮಾಣಪತ್ರ ಬಂತು, ಪಾಠ ಬದಲಾಯಿತೇ?

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ತರಬೇತಿ ಎಂದರೆ ಬಹುಕಾಲ ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಹೋಗಿ ಕೂರುವುದು ಎಂದೇ ಅರ್ಥ. ರಾಜ್ಯ ಮಟ್ಟದಲ್ಲಿ ಕಲಿತವರು ಜಿಲ್ಲೆಯವರಿಗೆ ಹೇಳಬೇಕು, ಜಿಲ್ಲೆಯವರು ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿಗಳಿಗೆ, ಅವರು ಶಿಕ್ಷಕರಿಗೆ. ಅಷ್ಟು ಕೈ ದಾಟುವಷ್ಟರಲ್ಲಿ ಹಾಲಿಗೆ ಸಾಕಷ್ಟು ನೀರು ಬೆರೆತಿರುತ್ತಿತ್ತು. ಶಿಕ್ಷಕರು ಹೊರಟರೆ ಇಬ್ಬರೇ ಇರುವ ಶಾಲೆಯಲ್ಲಿ ಅಷ್ಟೂ ದಿನ ಎಲ್ಲ ತರಗತಿಗಳೂ ಒಬ್ಬರ ತಲೆಯ ಮೇಲೆ.

ಈ ತೊಡಕನ್ನು ತಂತ್ರಜ್ಞಾನದಿಂದ ಬಿಡಿಸುವ ಯತ್ನ ಹೊಸದಲ್ಲ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳೂ ಇದ್ದವು. ಆ ಪ್ರಯೋಗದಲ್ಲೇ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು. ದೊಡ್ಡ ತಿರುವು ಬಂದದ್ದು ಕೋವಿಡ್ ಕಾಲದಲ್ಲಿ. 2019ರಲ್ಲಿ ಮುಖಾಮುಖಿಯಾಗಿ ಶುರುವಾಗಿದ್ದ ಕೇಂದ್ರದ ‘ನಿಷ್ಠಾ’ ತರಬೇತಿ 2020ರ ಅಕ್ಟೋಬರ್‌ನಲ್ಲಿ ‘ದೀಕ್ಷಾ’ ವೇದಿಕೆಗೆ ಬಂತು. ಪ್ರಾಥಮಿಕ ಹಂತಕ್ಕೆ 18 ಮಾಡ್ಯೂಲ್‌ಗಳು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕೆಂದಿತು. ಮೇಲಿನ ಪಾಠ ಈಗ ಯಾರ ಕೈಯನ್ನೂ ದಾಟದೆ ನೇರ ಮೊಬೈಲಿಗೆ ಬರುತ್ತದೆ. ಆದರೆ ಅದು ಎಲ್ಲಿಯವರೆಗೆ ಇಳಿಯಿತು ಎಂದು ತಿಳಿಯುವುದು ಹೇಗೆ?

ಸುಲಭವಾಗಿ ಸಿಗುವ ಲೆಕ್ಕ ಒಂದೇ: ಎಷ್ಟು ಜನ ಕೋರ್ಸ್ ಮುಗಿಸಿದರು. ಇಂಥ ತಾಲ್ಲೂಕು ಶೇ. ಇಷ್ಟು ಎಂಬ ಪಟ್ಟಿ ಹರಿದಾಡಿದೊಡನೆ ಹಿಂದುಳಿದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಫೋನ್ ಹೋಗುತ್ತದೆ. ವಿಡಿಯೊ ತನ್ನಷ್ಟಕ್ಕೆ ಓಡುತ್ತಿರುತ್ತದೆ, ಶಿಕ್ಷಕರು ಬಿಸಿಯೂಟದ ಲೆಕ್ಕ ಬರೆಯುತ್ತಿರುತ್ತಾರೆ. ಕೊನೆಯ ಬಹುಆಯ್ಕೆ ಪ್ರಶ್ನೆಗಳ ಉತ್ತರ ಯೂಟ್ಯೂಬಿನಲ್ಲೇ ಸಿಗುತ್ತದೆ. ಶಿಕ್ಷಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕೇಳಿದ್ದು ಪ್ರಮಾಣಪತ್ರ, ಅವರು ಕೊಟ್ಟದ್ದೂ ಅದನ್ನೇ.

ಅಮೆರಿಕದ ಶಿಕ್ಷಣತಜ್ಞ ಥಾಮಸ್ ಗಸ್ಕಿ 2000ದಲ್ಲಿ ತರಬೇತಿಯ ಮೌಲ್ಯಮಾಪನಕ್ಕೆ ಐದು ಮೆಟ್ಟಿಲು ಹೇಳಿದರು. ಶಿಕ್ಷಕರಿಗೆ ಹಿಡಿಸಿತೇ, ಏನಾದರೂ ಕಲಿತರೇ, ಶಾಲೆ ಮತ್ತು ಇಲಾಖೆ ಬೆಂಬಲಿಸಿತೇ, ಕಲಿತದ್ದನ್ನು ತರಗತಿಯಲ್ಲಿ ಬಳಸಿದರೇ, ಕಡೆಗೆ ಮಕ್ಕಳ ಕಲಿಕೆ ಸುಧಾರಿಸಿತೇ. ಯೋಜನೆ ಹಾಕುವಾಗ ಕೊನೆಯ ಮೆಟ್ಟಿಲಿನಿಂದ ಹಿಂದಕ್ಕೆ ಬರಬೇಕು ಎಂಬುದು ಅವರ ಸಲಹೆ. ನಮ್ಮ ಬಹುತೇಕ ವರದಿಗಳು ಎರಡನೆಯ ಮೆಟ್ಟಿಲಲ್ಲೇ ಕುಳಿತುಬಿಡುತ್ತವೆ.

ನಾಲ್ಕನೆಯ ಮೆಟ್ಟಿಲು ಹೇಗಿರುತ್ತದೆ ಎಂಬುದಕ್ಕೆ ಮೂರನೆಯ ತರಗತಿಯ ಒಂದು ಸ್ಲೇಟು ಸಾಕು. 52ರಲ್ಲಿ 27 ಕಳೆದು ಮಗು 35 ಎಂದು ಬರೆದಿದೆ. ಇದು ಕಣ್ತಪ್ಪಲ್ಲ. 2ರಲ್ಲಿ 7 ಹೋಗದ್ದರಿಂದ ಮಗು 7ರಲ್ಲಿ 2 ಕಳೆದು 5 ಇಟ್ಟಿದೆ; ದಶಕ ಬಿಡಿಸಿಕೊಳ್ಳುವುದು ಅದಕ್ಕೆ ತಿಳಿದಿಲ್ಲ. ಕೆಂಪು ಗೆರೆ ಎಳೆದು 25 ಎಂದು ಬರೆದುಕೊಟ್ಟರೆ ತರಬೇತಿ ತರಗತಿಗೆ ಬಂದಿಲ್ಲ. ‘ಹೆಂಗ್ ಮಾಡಿದಿ, ಹೇಳು ನೋಡೂಣು’ ಎಂದು ಕೇಳಿ, ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು, ಒಂದು ಕಟ್ಟನ್ನು ಮಗುವೇ ಬಿಚ್ಚುವಂತೆ ಮಾಡಿದರೆ ಬಂದಿದೆ. ಈ ವ್ಯತ್ಯಾಸ ಮೊಬೈಲಿನ ಪ್ರಶ್ನೆಪತ್ರಿಕೆಯಲ್ಲಿ ಕಾಣದು. ಯಾರಾದರೂ ಹೋಗಿ ನೋಡಬೇಕು.

ಹೋಗಿ ನೋಡುವವರು ಈಗಾಗಲೇ ಇದ್ದಾರೆ. ಸಿಆರ್‌ಪಿಗಳು ಶಾಲೆ ಸುತ್ತುತ್ತಾರೆ, ಕ್ಲಸ್ಟರ್ ಸಮಾಲೋಚನಾ ಸಭೆಗಳು ನಡೆಯುತ್ತವೆ. ಅವರ ಚೀಲದಲ್ಲಿರುವ ನಮೂನೆಗಳಲ್ಲಿ ಹತ್ತು ಕಾಲಂ ಕಡಿಮೆ ಮಾಡಿ, ಅರ್ಧ ಗಂಟೆ ಪಾಠ ನೋಡಿ ನಾಲ್ಕು ಸಾಲು ಬರೆಯಲು ಬಿಟ್ಟರೆ ಮೌಲ್ಯಮಾಪನ ಅರ್ಧ ಮುಗಿದಂತೆ.

ಐದನೆಯ ಮೆಟ್ಟಿಲು ಕಷ್ಟದ್ದು. ಮಕ್ಕಳ ಅಂಕ ಏರಿದರೆ ಅದು ತರಬೇತಿಯಿಂದಲೇ ಎನ್ನುವಂತಿಲ್ಲ. ಹೊಸ ಪಠ್ಯಪುಸ್ತಕ, ಅತಿಥಿ ಶಿಕ್ಷಕರ ನೇಮಕ, ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಹಾಜರಾತಿ ಇಳಿಯದಿರುವುದು, ಯಾವುದಾದರೂ ಕಾರಣವಾಗಬಹುದು. ಹಾಗಾಗಿ ಹೋಲಿಕೆ ಬೇಕು. ಹಾನಗಲ್ಲಿಗೆ ಈ ವರ್ಷ, ಸವಣೂರಿಗೆ ಮುಂದಿನ ವರ್ಷ ಕೋರ್ಸ್ ಕೊಟ್ಟು ತಾಳೆ ನೋಡುವುದು ಸರಳವಾಗಿ ಕಂಡರೂ ಸರಿಯಲ್ಲ: ಹಾನಗಲ್ ಮಲೆನಾಡಿನ ಸೆರಗು, ಸವಣೂರಿನ ಮಳೆ-ಬೆಳೆಯೇ ಬೇರೆ. ನಾಲ್ಕೂ ತಾಲ್ಲೂಕಿನೊಳಗೆ ಕ್ಲಸ್ಟರ್‌ಗಳ ಹೆಸರಿನ ಚೀಟಿ ಎತ್ತಿ, ಅರ್ಧಕ್ಕೆ ಮೊದಲು, ಉಳಿದರ್ಧಕ್ಕೆ ಆಮೇಲೆ ಕೊಡಬೇಕು. ತರಬೇತಿಗೆ ಮುನ್ನವೇ ಎರಡೂ ಗುಂಪಿನ ಮಕ್ಕಳಿಗೆ ಒಂದೇ ಪರೀಕ್ಷೆ ಮಾಡಿರಬೇಕು. ಸವಣೂರಿನಂಥ ಊರಲ್ಲಿ ಉರ್ದು ಶಾಲೆಗಳ ಫಲಿತಾಂಶವನ್ನು ಬೇರೆಯಾಗಿ ನೋಡದಿದ್ದರೆ, ಸೋತದ್ದು ಕೋರ್ಸೋ ಅದರ ಭಾಷೆಯೋ ತಿಳಿಯುವುದಿಲ್ಲ.

ತರಬೇತಿಯ ನಂತರದ ಅಳತೆಗೆ ಅವಸರ ಬೇಡ. ಕೋರ್ಸ್ ಮುಗಿದ ವಾರ ಉತ್ಸಾಹ ಎಲ್ಲರಲ್ಲೂ ಇರುತ್ತದೆ. ಆರು ತಿಂಗಳ ಮೇಲೂ ಕಡ್ಡಿ ಕಟ್ಟು ಬೀರುವಿನಿಂದ ಹೊರಗೆ ಬರುತ್ತಿದೆಯೇ ಎಂದು ನೋಡಬೇಕು. ಸಿಕ್ಕ ಫಲಿತಾಂಶ ಶಿಕ್ಷಕರ ಸೇವಾ ದಾಖಲೆಗೆ ಹೋಗದೆ, ಕೋರ್ಸ್ ಬರೆದವರ ಮೇಜಿಗೆ ಹೋಗಬೇಕು. ನೋಟಿಸ್ ಬರುತ್ತದೆ ಎಂಬ ಗುಮಾನಿ ಹುಟ್ಟಿದರೆ ಸಿಆರ್‌ಪಿ ಬರುವ ದಿನ ಪ್ರತಿ ಶಾಲೆಯಲ್ಲೂ ಒಂದು ಮಾದರಿ ಪಾಠ ಸಿದ್ಧವಾಗಿರುತ್ತದೆ, ಉಳಿದ ದಿನಗಳ ಪಾಠ ಯಾರಿಗೂ ಕಾಣುವುದಿಲ್ಲ.