ಗಿಡ ಜಾಡಿಸುವ ವಿದ್ಯೆ

ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳಲ್ಲಿ ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಕೀಡೆಯೂ ಕಾಣಿಸಿಕೊಳ್ಳುತ್ತದೆ. ಇದರ ವೈಜ್ಞಾನಿಕ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. 1997–98ರ ಹಂಗಾಮಿನಲ್ಲಿ ಅದು ಕಲಬುರಗಿ ಸೀಮೆಯ ತೊಗರಿಯನ್ನು ನೆಲಕಚ್ಚಿಸಿತು. ಎಷ್ಟು ಎಣ್ಣೆ ಹೊಡೆದರೂ ಕೀಡೆ ಬಗ್ಗಲಿಲ್ಲ. ಪೈರೆಥ್ರಾಯ್ಡ್ ಕೀಟನಾಶಕಗಳನ್ನು ಅರಗಿಸಿಕೊಳ್ಳುವ ಶಕ್ತಿ ಅದಕ್ಕೆ ಬಂದುಬಿಟ್ಟಿತ್ತು. ಬೆಳೆ ಹೋಗಿ ಸಾಲ ಉಳಿದ ರೈತರಲ್ಲಿ ಕೆಲವರು ಪ್ರಾಣವನ್ನೇ ಬಿಟ್ಟರು.

ಕೀಟನಾಶಕಗಳು ಬರುವ ಮೊದಲಿನ ಉಪಾಯವೊಂದು ಆಗ ಮತ್ತೆ ಹೊಲಕ್ಕಿಳಿಯಿತು. ಸಾಲಿನ ನಡುವೆ ಬಟ್ಟೆ ಎಳೆಯುತ್ತ ಒಬ್ಬರು ಮುಂದೆ ಸಾಗುವುದು, ಎರಡೂ ಬದಿಯವರು ಗಿಡ ಹಿಡಿದು ಮೆಲ್ಲಗೆ ಜಾಡಿಸುವುದು. ಕೀಡೆ ಬಟ್ಟೆಗೆ ಉದುರುತ್ತವೆ.

ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಇದನ್ನು ಪರೀಕ್ಷೆಗೊಡ್ಡಿದರು. ಜಾಡಿಸಿದಾಗ ಗಿಡದ ಮೇಲಿನ ಸುಮಾರು ಶೇ. 85ರಷ್ಟು ಕೀಡೆ ಉದುರಿದವು. ಬೆಳೆದ ದೊಡ್ಡ ಕೀಡೆಗೆ ಔಷಧ ಸುಲಭವಾಗಿ ನಾಟುವುದಿಲ್ಲ. ಕೈಗೆ ಸಿಕ್ಕಿಬೀಳುವುದು ಅದೇ. ಮೊಟ್ಟೆ, ಮೊಗ್ಗಿನೊಳಗೆ ಸೇರಿದ ಮರಿ ಮಾತ್ರ ಗಿಡದಲ್ಲೇ ಉಳಿಯುತ್ತವೆ. ಹಾಗಾಗಿ ಒಮ್ಮೆ ಜಾಡಿಸಿದರೆ ಸಾಲದು.

ಉದುರಿದ ಕೀಡೆಗೂ ಒಂದು ಉಪಯೋಗವಿದೆ. ಇವಕ್ಕೆ ಎನ್‌ಪಿವಿ ಎಂಬ ವೈರಸ್ ತಗಲಿಸಿ, ನೆನೆಸಿದ ಕಡಲೆ ತಿನ್ನಿಸಿ ಸಾಕುತ್ತಾರೆ. ಒಟ್ಟಿಗೆ ಬಿಟ್ಟರೆ ಒಂದನ್ನೊಂದು ತಿನ್ನುವುದರಿಂದ ಪ್ರತಿಯೊಂದಕ್ಕೂ ಬೇರೆ ಡಬ್ಬಿ. ಸತ್ತ ಕೀಡೆಗಳನ್ನು ಅರೆದು, ಸೋಸಿ, ನೀರಿಗೆ ಬೆರೆಸಿ ಹೊಲಕ್ಕೆ ಸಿಂಪಡಿಸುತ್ತಾರೆ. ಹೆಕ್ಟೇರಿಗೆ 250 ಕೀಡೆಗಳಿಂದ ಸಿಗುವಷ್ಟು ವೈರಸ್ ಸಾಮಾನ್ಯ ಪ್ರಮಾಣ. ಬಿಸಿಲಿಗೆ ವೈರಸ್ ಸಾಯುತ್ತದೆ, ಆದ್ದರಿಂದ ಸಂಜೆ ಹೊಡೆಯಬೇಕು. ಮನುಷ್ಯರಿಗಾಗಲಿ ಜೇನಿಗಾಗಲಿ ಇದರಿಂದ ಅಪಾಯವಿಲ್ಲ. ಜಾಡಿಸಿದರೂ ಉಳಿದ ಮರಿಗಳಿಗೆ ಈ ವೈರಸ್ಸೇ ಮದ್ದು. ರೈತರ ಕೈಚಳಕ ಮತ್ತು ಪ್ರಯೋಗಾಲಯದ ಸೂಕ್ಷ್ಮದರ್ಶಕ ಇಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬಿವೆ. ಹಳೆಯದೆಲ್ಲ ಶ್ರೇಷ್ಠ ಎಂದು ಹೊಗಳುವುದಕ್ಕಿಂತ ಹೀಗೆ ಪರೀಕ್ಷಿಸಿ ಬೆಳೆಸುವುದೇ ರೈತರ ಅರಿವಿಗೆ ಸಲ್ಲಬೇಕಾದ ಗೌರವ.

ಆದರೆ ಒಂದು ಋಣ ಬಾಕಿಯಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ನೋಂದಾಯಿಸಬಹುದು. ಗಿಡ ಜಾಡಿಸುವಂಥ ಬೇಸಾಯದ ವಿದ್ಯೆಗೆ ಅದರಲ್ಲಿ ಜಾಗವಿಲ್ಲ. ಸಂಶೋಧನಾ ಪ್ರಬಂಧಗಳಲ್ಲೂ ‘ಸ್ಥಳೀಯ ಪದ್ಧತಿ’ ಎಂಬ ಎರಡು ಪದಗಳಲ್ಲಿ ಊರೂ ಜನರೂ ಕಳೆದುಹೋಗುತ್ತಾರೆ. ತೊಗರಿ ಸೀಮೆಯಲ್ಲಿ ಸಂಶೋಧನೆಗೆ ಹೊರಟ ವಿದ್ಯಾರ್ಥಿಗಳೇ, ವಿದ್ಯೆ ಕಲಿಸಿದ ಊರಿನ ಹೆಸರನ್ನೂ, ಅವರು ಒಪ್ಪಿದರೆ ಆ ರೈತರ ಹೆಸರನ್ನೂ ನಿಮ್ಮ ಪ್ರಬಂಧದಲ್ಲಿ ಬರೆಯಿರಿ. ಫಲಿತಾಂಶವನ್ನು ಮೊದಲು ಅವರಿಗೇ ಓದಿ ಹೇಳಿ.